ಪಂಚಮಿಗೆ ಕರೆಯಲು ಪಾಲ್ಪಾದವರೆಗೆ

ವಿಜಯಪುರ

ನಮ್ಮ ಅತ್ತೆಗೆ ಮಹಾರಾಷ್ಟ್ರವೇ ವಿದೇಶ. ಪಂಢರಪುರಕ್ಕೆ ಹೋಗಿಬಂದರೆ ವಾರಗಟ್ಟಲೆ “ಆ ದೇಶದಾಗ ಚಾ ಭಾಳ ಸಿಹಿ ಮಾಡ್ತಾರವ್ವಾ” ಎಂದು ಓಣಿಗೆಲ್ಲ ಹೇಳುತ್ತಾರೆ. ಅಂಥವರು ಆಷಾಢದ ಒಂದು ಸಂಜೆ ಫೋನು ಕೆಳಗಿಟ್ಟು, ಮಗನ ಕಡೆ ತಿರುಗಿ, “ಶಿವಾನಂದಾ, ಗಾಡಿ ತಯಾರ ಮಾಡಸು. ನೇಪಾಳಕ್ಕ ಹೋಗೂದೈತಿ” ಅಂದರು. ಹಿಟ್ಟು ನಾದುತ್ತಿದ್ದ ನನ್ನ ಕೈ ಹಾಗೇ ನಿಂತಿತು. ನಮ್ಮವರು ಮಾತ್ರ ಟಿವಿಯಿಂದ ಕಣ್ಣು ತೆಗೆಯದೆ “ಹೂಂ” ಅಂದರು. ತಾಯಿ ಏನು ಹೇಳಿದರೂ ಮೊದಲು ಹೂಂ ಅಂದು, ಆಮೇಲೆ ಏನು ಹೇಳಿದಳೆಂದು ನನ್ನನ್ನು ಕೇಳುವುದು ಅವರ ಪದ್ಧತಿ.

ಫೋನು ಮಾಡಿದವಳು ಮಾಯಾ. ಹಿಂದೆ ಅತ್ತೆ ಮಾವ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ ಬಾಡಿಗೆಗಿದ್ದಾಗ ಪಕ್ಕದ ಖೋಲಿಯಲ್ಲಿ ನೇಪಾಳದವನೊಬ್ಬ ಇದ್ದ. ಹೆಸರು ಬೇರೇನೋ ಇತ್ತು, ಓಣಿಯವರಿಗೆ ಬಹಾದ್ದೂರ. ಸೀಟಿ ಊದುತ್ತ ಓಣಿ ಕಾಯುವುದು ಅವನ ಕೆಲಸ. ಹೆಂಡತಿ ಬೇಗ ತೀರಿಕೊಂಡಳು. ಮಗಳು ಮಾಯಾ ನಮ್ಮ ಅತ್ತೆಯ ಒಲೆಯ ಮುಂದೆಯೇ ಬೆಳೆದಳು. ಕನ್ನಡ ಸಾಲಿ ಕಲಿತಳು, ರೊಟ್ಟಿ ಬಡಿಯಲು ಕಲಿತಳು, ನಮ್ಮವರೊಡನೆ ಜಗಳ ತೆಗೆದು ಗೆಲ್ಲುವುದನ್ನೂ ಕಲಿತಳು. ಈ ಕೊನೆಯ ವಿದ್ಯೆ ನನಗಿನ್ನೂ ಬಂದಿಲ್ಲ. ವಯಸ್ಸಿಗೆ ಬಂದಮೇಲೆ ಬಹಾದ್ದೂರ ಅವಳನ್ನು ತನ್ನ ಸೀಮೆಗೆ ಕರೆದುಕೊಂಡು ಹೋಗಿ, ಪಾಲ್ಪಾ ಎಂಬ ಗುಡ್ಡಗಾಡು ಜಿಲ್ಲೆಯ ಹಳ್ಳಿಯೊಂದಕ್ಕೆ ಮದುವೆ ಮಾಡಿಕೊಟ್ಟು, ತಾನೂ ಅಲ್ಲೇ ಹತ್ತಿರದಲ್ಲಿ ಉಳಿದ. ಹೋದ ಚಳಿಗಾಲದಲ್ಲಿ ತೀರಿಕೊಂಡ.

ನಮ್ಮಲ್ಲಿ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವಂತೆ ಅವರಲ್ಲಿ ಭಾದ್ರಪದದ ತೀಜ್ ಹಬ್ಬಕ್ಕೆ ಕರೆಯುತ್ತಾರಂತೆ. ಆ ಸಂಜೆ ಮಾಯಾ ನಗುತ್ತಲೇ ಹೇಳಿದ್ದಳು: “ಅಪ್ಪ ಇದ್ದಾಗ ಕರಿಯಾಕ ಬರ್ತಿದ್ದ. ಇನ್ನ ನನ್ನ ಕರಿಯಾವ್ರು ಯಾರೂ ಇಲ್ಲವ್ವಾ. ಊರ ಹೆಣ್ಮಕ್ಕಳೆಲ್ಲಾ ತವರಿಗಿ ಹೋಗ್ತಾರ, ಅವರ ಎಮ್ಮಿ ಹಿಂಡಾಕಿ ನಾನ.”

ಅವಳು ನಕ್ಕಳು, ಅತ್ತೆ ನಗಲಿಲ್ಲ. “ತವರ ಇಲ್ಲಂತಾಳ ಹುಚ್ಚಖೋಡಿ! ನಾವೇನ ಸತ್ತೀವೇನ? ಈ ಪಂಚಮಿಗಿ ಆಕಿ ಈ ಮನ್ಯಾಗ ಇರಬೇಕು.”

ರೈಲಿನದೋ ವಿಮಾನದ್ದೋ ಟಿಕೆಟ್ ಕಳಿಸಿದರೆ ತಾನೇ ಬರುತ್ತಾಳಲ್ಲ ಎಂದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಸುಲಭದ ದಾರಿ ಹೇಳಿದೆ. ಅತ್ತೆ ನನ್ನನ್ನು ನಪಾಸಾದ ಹುಡುಗಿಯಂತೆ ನೋಡಿದರು. “ಟಿಕೆಟ್ ಕಳಿಸಿದ್ರ ಕರದಂಗ ಆಗತೈತೇನ? ಅಣ್ಣಾದಾಂವ ಹೋಗಿ ಬಾಗಲದಾಗ ನಿಂದರಬೇಕು. ಬೀಗತಿನ್ನ ಕೇಳಬೇಕು. ಆಕಿ ಹೂಂ ಅನಬೇಕು. ಅದು ಕರಿಯೂದು.”

ಟಿಕೋಟಾ, ಬಬಲೇಶ್ವರ

ಇಲ್ಲಿ ನನ್ನ ಹೊಟ್ಟೆಯುರಿಯನ್ನೂ ಹೇಳಿಬಿಡಬೇಕು. ನನ್ನ ತವರು ಬಬಲೇಶ್ವರ. ವಿಜಯಪುರದಿಂದ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಅಲ್ಲಿಗೆ ನನ್ನನ್ನು ಪಂಚಮಿಗೆ ಕಳಿಸಲು ಇದೇ ಅತ್ತೆ ಪ್ರತಿ ವರ್ಷ ನೂರು ನೆಪ ತೆಗೆಯುತ್ತಾರೆ. ಎಮ್ಮೆ ಯಾರು ಹಿಂಡಬೇಕು, ಮಳೆಗಾಲ, ದಾರಿ ಸರಿಯಿಲ್ಲ. ಹೊರಗೆ ಬಿಸಿಲು ಬಿದ್ದಿರುತ್ತದೆ, ರಸ್ತೆ ಡಾಂಬರಿನದು. ಈ ಸಲ ನನ್ನ ತಮ್ಮ ಕರೆಯಲು ಬಂದಾಗ, “ನಾವು ನೇಪಾಳಕ್ಕ ಹೊಂಟೀವಪಾ” ಎಂದು ನಾನೇ ಹೇಳಬೇಕಾಯಿತು. ಅವನು ಚಹಾ ಕುಡಿದು, ನನ್ನ ಮಗಳನ್ನು ಕರೆದುಕೊಂಡು ಹೋದ. ನನ್ನ ಜೋಕಾಲಿ, ನನ್ನ ಉಂಡಿ, ಎಲ್ಲ ಅವಳ ಪಾಲಾಯಿತು. ಪ್ರತಿ ವರ್ಷ ಯಾರೂ ಹಿಂಡಲಾಗದ ನಮ್ಮ ಎಮ್ಮೆ ಈ ಸಲ ಪಕ್ಕದ ಮನೆಯವರ ಪಾಲಾಯಿತು.

ನಮ್ಮವರು ಟಿಕೋಟಾದಲ್ಲಿ ಪಶುವೈದ್ಯರು. ಊರಿಗೆ ಹೋಗುತ್ತಾರೆಂದು ತಿಳಿದ ಕೂಡಲೇ ಸುತ್ತಲಿನ ದನಗಳಿಗೆಲ್ಲ ಒಮ್ಮೆಲೇ ಜಡ್ಡು ಬಂತು. ಕಳ್ಳಕವಟಗಿಯ ಕುರಿಯವರೊಬ್ಬರು ಬಂದು, “ಡಾಕ್ಟರ್ ಸಾಹೇಬ್ರ, ಕುರಿಗೆಲ್ಲಾ ಹೇಳೇನ್ರಿ, ನೀವು ಬರೂತನಾ ತಡ್ಕೋರಿ ಅಂತ” ಎಂದು ನಕ್ಕು, ದಾರಿಗಿರಲೆಂದು ಒಂದು ಚೀಲ ಒಣದ್ರಾಕ್ಷಿ ಕೊಟ್ಟು ಹೋದರು. ಅತ್ತೆ ತಮ್ಮ ತವರಾದ ಮಮದಾಪುರದಿಂದ ಎಳ್ಳು, ಶೇಂಗಾ ತರಿಸಿ ಮೂರು ತರದ ಉಂಡಿ ಕಟ್ಟಿದರು. ಇಳಕಲ್ ಸೀರೆ, ಹಸಿರು ಬಳೆ, ಖಣ, ಕಡಕ ರೊಟ್ಟಿಯ ದೊಡ್ಡ ಗಂಟು, ಗುರೆಳ್ಳು ಚಟ್ನಿ. ಇವೆಲ್ಲ ಗಾಡಿಯಲ್ಲಿ ಕೂತಮೇಲೆ ಉಳಿದ ಜಾಗದಲ್ಲಿ ನಾವು ಕೂತೆವು.

ದಾರಿಯ ಬಗ್ಗೆ ಹೆಚ್ಚು ಹೇಳಲಾರೆ. ಪಶುವೈದ್ಯನೊಡನೆ ಪ್ರವಾಸ ಹೋದವರು ಊರು ನೋಡುವುದಿಲ್ಲ, ಕೆಚ್ಚಲು ನೋಡುತ್ತಾರೆ. ನಾಗಪುರ ದಾಟಿದ ಮೇಲೆ ಒಳ್ಳೆಯ ಎಮ್ಮೆ ಕಂಡಲ್ಲೆಲ್ಲ ಗಾಡಿ ನಿಧಾನವಾಯಿತು. ಜಬಲ್ಪುರದ ಹತ್ತಿರ ಒಬ್ಬನ ಆಕಳ ಬಾಯಿ ತೆರೆಸಿ ಹಲ್ಲು ನೋಡಿ, ಔಷಧಿ ಬರೆದುಕೊಟ್ಟು, ಅವನ ಮನೆಯ ಊಟ ಮಾಡಿ ಬಂದೆವು. ಬೈಯಬೇಕೆಂದಿದ್ದೆ, ಊಟ ಚೆನ್ನಾಗಿತ್ತು.

ಸುನೌಲಿ ಗಡಿ

ವಿದೇಶವೆಂದರೆ ಏನೋ ದೊಡ್ಡ ಬದಲಾವಣೆ ಇರುತ್ತದೆಂದು ನಾನು ಸೀರೆ ಸರಿಮಾಡಿಕೊಂಡು ಕೂತಿದ್ದೆ. ಒಂದು ಕಮಾನು, ಒಂದಿಷ್ಟು ಲಾರಿ, ಗಾಡಿಯ ಕಾಗದಕ್ಕೊಂದು ಸಾಲು. ಅಷ್ಟೇ, ನೇಪಾಳ ಬಂತು. ಗಡಿಯಾರವನ್ನು ಕಾಲು ತಾಸು ಮುಂದಿಡಬೇಕೆಂದು ನಮ್ಮವರು ಹೇಳಿದಾಗ ಅತ್ತೆ ಒಪ್ಪಲಿಲ್ಲ. “ಕಾಲು ತಾಸಿಗೇನ ಜಗಳಪಾ, ಇರಲಿ ಬಿಡು.”

ಬುಟವಲ್ ಊರಿನ ವಸತಿಗೃಹದ ಗೋಡೆಯ ಮೇಲೆ ಅವರ ಕ್ಯಾಲೆಂಡರು ತೂಗುತ್ತಿತ್ತು. ಅವರ ಲೆಕ್ಕದ ವರ್ಷ ನಮ್ಮದಕ್ಕಿಂತ ಅರ್ಧ ಶತಮಾನಕ್ಕೂ ಮುಂದಿದೆ. ಅದನ್ನು ವಿವರಿಸಿದೆ. ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿ, “ಹಂಗಂದ್ರ ಇಲ್ಲಿ ನಾನು ಸತ್ತು ಭಾಳ ವರ್ಷ ಆತು. ಮತ್ತ್ಯಾಕ ಹಸಿವಾಗಾಕತ್ತೈತಿ?” ಅಂದರು.

ಆದರೆ ಬೆಳಿಗ್ಗೆ ಪೇಟೆಗೆ ಹೋದಾಗ ಅವರ ಮುಖ ಅರಳಿತು. ಅವರ ಲೆಕ್ಕಕ್ಕೆ ಆಗಲೇ ಶ್ರಾವಣವೆಂದು ಅಲ್ಲಿನ ಹೆಂಗಸರೆಲ್ಲ ಮೊಣಕೈತನಕ ಹಸಿರು ಬಳೆ ತೊಟ್ಟಿದ್ದರು. ಅಂಗಡಿಗಳಲ್ಲಿ ನಾಗಪ್ಪನ ಬಣ್ಣದ ಚಿತ್ರಗಳು. ಪಂಚಮಿಯ ದಿನ ಬಾಗಿಲ ಮೇಲೆ ಅಂಟಿಸುತ್ತಾರಂತೆ. ನಾವು ಹುತ್ತಕ್ಕೆ ಹೋಗಿ ಹಾಲೆರೆಯುತ್ತೇವೆ, ಇವರು ನಾಗಪ್ಪನನ್ನೇ ಮನೆಗೆ ಕರೆಯುತ್ತಾರೆ. ಅಪರಿಚಿತರನ್ನೂ ದೀದಿ, ಭಾಯಿ ಎಂದೇ ಮಾತಾಡಿಸುತ್ತಾರೆ. ಅತ್ತೆ ಬಳೆಗಾರ್ತಿಯ ಕೈ ಹಿಡಿದುಕೊಂಡು, “ಇವ್ರು ನಮ್ಮ ಮಂದಿನ ಬಿಡು. ಮಾರಿ ಅಷ್ಟ ಬ್ಯಾರೆ” ಎಂದು ತೀರ್ಪು ಕೊಟ್ಟರು.

ಗುಡ್ಡದ ದಾರಿ

ಮಳೆಗಾಲದಲ್ಲಿ ಹೊರಗಿನವರು ಯಾರೂ ಆ ಘಾಟಿಗೆ ಹೋಗುವುದಿಲ್ಲ, ಹೋಗುವವರು ಪಂಚಮಿಗೆ ತಂಗಿಯನ್ನು ಕರೆಯಲು ಹೊರಟ ವಿಜಯಪುರದವರು ಮಾತ್ರ. ಬುಟವಲ್ ದಾಟಿ ಸ್ವಲ್ಪ ಏರುತ್ತಲೇ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ನಮ್ಮ ಸೀಮೆಯಲ್ಲಿ ನೆಲ ಹಾಸಿದ ಕಂಬಳಿಯಂತೆ ಬಿದ್ದಿರುತ್ತದೆ, ಅದು ಎದ್ದು ಬಂದು ರಸ್ತೆಯ ಮೇಲೆ ಕೂರುತ್ತದೆಂದು ನಾವು ಎಣಿಸಿರಲಿಲ್ಲ. ಮಣ್ಣು ತೆಗೆಯುವ ಯಂತ್ರ ಗುರುಗುಡುತ್ತಿತ್ತು. ಮುಂದೆ ಬಸ್ಸು, ಹಿಂದೆ ಲಾರಿ, ಪಕ್ಕದಲ್ಲಿ ಪ್ರಪಾತ.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ತಿರುಗಿ ಹೋಗೋಣ ಎಂದೆ. ನಮ್ಮವರೂ ಗಲ್ಲ ಕೆರೆದುಕೊಂಡರು. ಅತ್ತೆ ಗಾಡಿಯಿಂದಿಳಿದು, ರೊಟ್ಟಿಯ ಗಂಟು ಬಿಚ್ಚಿ, ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತರು. “ಹೊಳ್ಳಿ ಹೋದ್ರ ಆಕಿಗಿ ಏನಂತ ಹೇಳಲಿ? ಮಣ್ಣು ಅಡ್ಡ ಬಂತು, ತವರ ಹೊಳ್ಳಿ ಹೋತು ಅಂತನಾ?”

ಬಸ್ಸಿನ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಅತ್ತೆ ಅವಳಿಗೆ ರೊಟ್ಟಿ ಕೊಟ್ಟರು. ಅವಳು ಹಪ್ಪಳವೆಂದುಕೊಂಡು ಕಟುಂ ಎಂದು ಕಡಿದು, ಹಲ್ಲು ಇದೆಯೋ ಹೋಯಿತೋ ಎಂದು ಮುಟ್ಟಿ ನೋಡಿಕೊಂಡಳು. ಅತ್ತೆ ಅದಕ್ಕೆ ಚಟ್ನಿ, ಎಣ್ಣೆ ಹಚ್ಚಿ ತಿನ್ನುವ ರೀತಿ ತೋರಿಸಿದರು. ಆಮೇಲೆ ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಬಹಳ ಹೊತ್ತು ಮಾತಾಡಿದರು. ಮೊಣಕಾಲು ಮುಟ್ಟಿ ಮುಟ್ಟಿ ತೋರಿಸುತ್ತಿದ್ದುದರಿಂದ ವಿಷಯ ಏನೆಂದು ನನಗೆ ಗೊತ್ತಾಯಿತು. ರಸ್ತೆ ತೆರೆಯುವಷ್ಟರಲ್ಲಿ ಲಾರಿ ಚಾಲಕರೂ ಬಂದು ತಿಂದು, ಗಂಟು ಅರ್ಧವಾಗಿತ್ತು.

ಮಾಯಳ ಮನೆ

ಬರುವ ಸುದ್ದಿಯನ್ನು ಮಾಯಳಿಗೆ ಹೇಳಿರಲಿಲ್ಲ, ಹೇಳಿದರೆ ಬೇಡ ಅನ್ನುತ್ತಾಳೆಂದು. ಅವಳ ಗಂಡ ದೀಪಕನಿಗೆ ಮಾತ್ರ ಗೊತ್ತಿತ್ತು. ಅವನು ತಾನ್ಸೇನ್ ಪೇಟೆಯಲ್ಲಿ ಕಾದಿದ್ದು ನಮ್ಮನ್ನು ಕರೆದುಕೊಂಡು ಹೋದ. ಕೆಂಪು ಮಣ್ಣು ಬಳಿದ ಮನೆ, ಮುಂದೆ ಅಂಗಳ, ಅಂಗಳದಾಚೆ ನೆಲವೇ ಇಲ್ಲ, ಮೋಡ. ಮಾಯಾ ಬೆನ್ನ ಮೇಲೆ ಬುಟ್ಟಿಯ ತುಂಬ ಹುಲ್ಲು ಹೊತ್ತು ಮೇಲೆ ಬರುತ್ತಿದ್ದಳು.

ನಮ್ಮವರು ದಾರಿಯುದ್ದಕ್ಕೂ ಮನಸ್ಸಿನಲ್ಲೇ ರೂಢಿ ಮಾಡಿದ್ದ ಮಾತನ್ನು ಬಾಗಿಲಲ್ಲಿ ನಿಂತು ಹೇಳಿದರು. “ಮಾಯಾ, ಪಂಚಮಿಗಿ ಕರಿಯಾಕ ಬಂದೀನಬೇ.”

ಅವಳು ಅಣ್ಣನನ್ನು ನೋಡಿದಳು, ಅತ್ತೆಯನ್ನು ನೋಡಿದಳು. “ಎಮ್ಮಿಗಿ ಹುಲ್ಲ ಹಾಕಿ ಬರ್ತೀನಿ, ತಡೀರಿ” ಎಂದು ಕೊಟ್ಟಿಗೆಯ ಹಿಂದೆ ಹೋದವಳು ಬಹಳ ಹೊತ್ತು ಬರಲಿಲ್ಲ. ಒಂದು ಎಮ್ಮೆಗೆ ಅಷ್ಟು ಹೊತ್ತು ಹುಲ್ಲು ಹಾಕುವುದನ್ನು ಪಶುವೈದ್ಯರೂ ಕಂಡಿರಲಿಲ್ಲ. ನಾವು ಯಾರೂ ಕರೆಯಲು ಹೋಗಲಿಲ್ಲ.

ಅವಳ ಅತ್ತೆಯನ್ನು ನಮ್ಮ ಅತ್ತೆ ಕಂಡ ಕೂಡಲೇ ‘ಬೀಗತಿ’ ಅಂದುಬಿಟ್ಟರು, ನಾನೂ ಹಾಗೇ ಅನ್ನುತ್ತೇನೆ. ಬೀಗತಿ ಸಣ್ಣ ದೇಹದ, ಗಟ್ಟಿ ದನಿಯ ಮುದುಕಿ. ಬಂದವರಿಗೆ ಮೊದಲು ಊಟ, ಆಮೇಲೆ ಮಾತು. ಬೇಳೆ, ಸೊಪ್ಪು, ಅನ್ನ. ಅನ್ನವೆಂದರೆ ಗುಮ್ಮಟದಷ್ಟು. ಒಂದು ಬದಿ ಕರಗಿಸುವಷ್ಟರಲ್ಲಿ ‘ಥಪ್ನುಸ್’, ಇನ್ನಷ್ಟು ಹಾಕಿಸಿಕೊಳ್ಳಿ, ಎಂದು ಇನ್ನೊಂದು ಬದಿ ಕಟ್ಟುತ್ತಿದ್ದರು. ಬೇಡವೆಂದರೆ ನಾಚಿಕೆ ಎಂದುಕೊಂಡು ಮತ್ತೆ ಬಡಿಸುವುದು ನಮ್ಮಲ್ಲೂ ಉಂಟು, ಆದರೆ ನಮ್ಮದು ರೊಟ್ಟಿ, ಎಣಿಸಬಹುದು.

ಮರುದಿನ, ಅಂಗಳದಲ್ಲಿ

ಚಹಾ ಆದಮೇಲೆ ಅತ್ತೆ ಸೆರಗು ಹೊದ್ದು, ಉಂಡಿ ಡಬ್ಬಿ, ಸೀರೆ, ಬಳೆ ಮುಂದಿಟ್ಟು ಕೂತರು. ಎದುರಿಗೆ ಬೀಗತಿ. ನಡುವೆ ದುಭಾಷಿಯಾಗಿ ಮಾಯಾ. ಆ ಮನೆಯಲ್ಲಿ ಎರಡೂ ಭಾಷೆ ಬಲ್ಲವಳು ಅವಳೊಬ್ಬಳೇ.

“ಬೀಗತಿ, ಮಗಳನ್ನ ಪಂಚಮಿಗಿ ಕಳಿಸಿಕೊಡ್ರಿ. ಹುಣ್ಣಿವಿ ಮುಗಿಸಿ ನಾವ ತಂದ ಬಿಡ್ತೀವಿ. ಹೇಳಬೇ ಮಾಯಾ.”

ಮಾಯಾ ನೆಲ ನೋಡುತ್ತ ನೇಪಾಳಿಯಲ್ಲಿ ಹೇಳಿದಳು. ಬೀಗತಿ ತಲೆಯಾಡಿಸಿ ಏನೋ ಅಂದರು. “ನಿನ್ನಿ ನಿದ್ದಿ ಹತ್ತಿತೇನ ಅಂತ ಕೇಳಾಕತ್ತಾರ” ಎಂದಳು ಮಾಯಾ.

ಅತ್ತೆ ಮತ್ತೆ ಕೇಳಿದರು, ಇನ್ನೂ ಮೆತ್ತಗೆ. ಮಾಯಾ ಮತ್ತೆ ಹೇಳಿದಳು. ಈ ಸಲ ನಾನು ಕಿವಿಗೊಟ್ಟೆ. ಹಿಂದಿ ಬಲ್ಲವರಿಗೆ ನೇಪಾಳಿ ಅಲ್ಲಲ್ಲಿ ಹೊಳೆಯುತ್ತದೆ. ನಮ್ಮ ಅತ್ತೆ ಮಗಳನ್ನು ಕಳಿಸಿರೆಂದು ಕೇಳುತ್ತಿದ್ದರೆ ಇವಳು, ನಿಮ್ಮ ಮನೆ ಚೆನ್ನಾಗಿದೆಯಂತೆ, ದಾರಿ ಬಹಳ ಕೆಟ್ಟಿತ್ತಂತೆ ಎಂದು ಹೇಳುತ್ತಿದ್ದಳು! ಏನೋ ನೆಪ ಹೇಳಿ ಅವಳನ್ನು ಅಡುಗೆಮನೆಗೆ ಎಳೆದೊಯ್ದೆ.

“ಏನ ನಡಸೀದಿ? ಸಾವಿರ ಮೈಲು ಬಂದೀವಿ ನಾವು.”

“ವೈನಿ, ನನ್ನ ತವರಿಗಿ ಕಳಿಸ್ರಿ ಅಂತ ನನ್ನ ಬಾಯಿಲೆ ನಾನ ಹೆಂಗ ಕೇಳಲಿ? ಸೊಸಿ ಕೇಳಬಾರದು. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಅನುವಾದ ಮಾಡಿದ್ರೂ ಮಾತು ನಂದ ಆಗತೈತಲ್ಲ.” ಅವಳ ಕಣ್ಣು ತುಂಬಿದ್ದವು. “ಅಣ್ಣ ಬಂದ, ಅವ್ವ ಬಂದ್ಳು. ಅಷ್ಟ ಸಾಕ ನನಗ. ಹೂಂ ಅನ್ನದಿದ್ರ ಬಿಡ್ರಿ.”

ಇಷ್ಟು ವರ್ಷದಲ್ಲಿ ನಾನಾದರೂ ಬಬಲೇಶ್ವರಕ್ಕೆ ಹೋಗುತ್ತೇನೆಂದು ಒಮ್ಮೆಯಾದರೂ ಬಾಯಿಬಿಟ್ಟು ಕೇಳಿದ್ದೆನೆ? ತಮ್ಮ ಬರುತ್ತಾನೆ, ಅವನು ಕೇಳುತ್ತಾನೆ, ನಾನು ಒಳಗೆ ಪಾತ್ರೆ ಸಪ್ಪಳ ಮಾಡುತ್ತ ಕಿವಿ ಅಲ್ಲಿಟ್ಟಿರುತ್ತೇನೆ.

ಹೊರಗೆ ಬಂದು ದುಭಾಷಿಯ ಜಾಗದಲ್ಲಿ ನಾನೇ ಕೂತೆ. ಬೀಗತಿಗೆ ರೇಡಿಯೋ ಕೇಳಿ ಕೇಳಿ ಹಿಂದಿ ಸುಮಾರಾಗಿ ಬರುತ್ತಿತ್ತು. ವಿಷಯವನ್ನು ನೇರ ಹೇಳಿದೆ. ಮುದುಕಿ ಉಂಡಿ ಡಬ್ಬಿಯನ್ನು ಒಮ್ಮೆ ನೋಡಿ, ಬೆರಳು ಮಡಿಚುತ್ತ ಉತ್ತರ ಕೊಟ್ಟರು. ನಾನು ಬಹಳ ಸಂತೋಷದಿಂದ ಕನ್ನಡಕ್ಕಿಳಿಸಿದೆ.

“ಎಮ್ಮಿ ಯಾರು ಹಿಂಡಬೇಕು ಅಂತ ಕೇಳಾಕತ್ತಾರ್ರಿ ಅತ್ತಿ. ಮಳಿಗಾಲಂತ. ದಾರಿ ಸರಿ ಇಲ್ಲಂತ. ಸೊಸಿ ಹೋದ್ರ ಕೆಲಸ ಎಲ್ಲಾ ನಿಂದರ್ತಾವಂತ.”

ಅತ್ತೆ ಕಣ್ಣು ಕಿರಿದು ಮಾಡಿದರು. “ಆಕಿ ಹೇಳಾಕತ್ತಾಳೋ, ನೀನ ಹೇಳಾಕತ್ತೀಯೋ?”

“ದೇವರಾಣಿ ಆಕೀನ ಹೇಳಾಕತ್ತಾರ್ರಿ.”

ನಮ್ಮವರು ಕೆಮ್ಮು ಬಂದವರಂತೆ ಎದ್ದು ಕೊಟ್ಟಿಗೆಯ ಕಡೆ ಹೋದರು. ಅತ್ತೆ ಬಳೆಗಳನ್ನು ಅತ್ತಿತ್ತ ಸರಿಸುತ್ತ ಕೂತರು. ಆಮೇಲೆ, ನನ್ನ ಕಡೆ ನೋಡದೆ ಹೇಳಿದರು:

“ನಾನೂ ಹಿಂಗ ಅಂತೀನ್ರಿ ಬೀಗತಿ. ಎಮ್ಮಿ, ಮಳಿ, ದಾರಿ ಅಂತೀನಿ. ಖರೇ ಅಂದ್ರ ಅವ್ಯಾವೂ ಅಲ್ಲ. ಸೊಸಿ ತವರಿಗಿ ಹ್ವಾದ್ರ ಹೊಳ್ಳಿ ಬರೂತನಾ ಮನಿ ಮನಿ ಅನಸಂಗಿಲ್ಲ. ಉಂಡದ್ದು ಒಳಗ ಇಳಿಯಂಗಿಲ್ಲ. ಅದಕ್ಕ ಹಂಗ ಅಂತೀನಿ.”

ಈ ಮಾತನ್ನು ನಾನು ಅನುವಾದಿಸಬೇಕಿತ್ತು. ಆಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮಾತು ನನಗೆ ಯಾರೂ ಹೇಳಿರಲಿಲ್ಲ, ಕೇಳಲು ನೇಪಾಳಕ್ಕೆ ಬರಬೇಕಾಯಿತು.

ಯಾರ ಅನುವಾದಕ್ಕೂ ಕಾಯದೆ ಬೀಗತಿ ಒಂದು ಎಳ್ಳುಂಡಿ ತೆಗೆದು ಬಾಯಿಗೆ ಹಾಕಿಕೊಂಡು, ನೆಟ್ಟಗೆ ನಮ್ಮ ಅತ್ತೆಯ ಮುಖ ನೋಡಿ ಹೇಳಿದರು:

“ಕರಕೊಂಡ ಹೋಗ್ರಿ.”

ಹಿಂದಿಯಲ್ಲಲ್ಲ, ನೇಪಾಳಿಯಲ್ಲಲ್ಲ. ನಮ್ಮ ವಿಜಯಪುರದ ಕನ್ನಡದಲ್ಲಿ.

ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಮಾಯಾ. ಮುದುಕಿ ಕಿಸಕ್ಕನೆ ನಕ್ಕು ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಮಾಯಾ ಎಮ್ಮೆಯ ಜೊತೆ ಮಾತಾಡುವುದು ಕನ್ನಡದಲ್ಲಂತೆ. ಬೆಳಿಗ್ಗೆ ಹಿಂಡುವಾಗ, ಸಂಜೆ ಹಿಂಡುವಾಗ, ಮದುವೆಯಾಗಿ ಬಂದ ದಿನದಿಂದ. ಜಗುಲಿಯ ಮೇಲೆ ಕೂತ ಮುದುಕಿಗೆ ಬೇರೆ ಕೆಲಸವೇನು? “ಎಮ್ಮಿ ಕಲತೈತಿ. ನಾ ಕಲೀಲಿಲ್ಲೇನ?”

ಮಾಯಳ ಮುಖದ ಬಣ್ಣ ಇಳಿಯಿತು. ತನ್ನ ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಅವಳು ಹೇಳಿಕೊಳ್ಳುತ್ತಿದ್ದುದು ಆ ಎಮ್ಮೆಯ ಮುಂದೆಯೇ! ಬೀಗತಿ ಅದಕ್ಕೂ ನಕ್ಕರು. ಉಳಿದದ್ದನ್ನು ಹಿಂದಿಯಲ್ಲಿ ನನಗೆ ಹೇಳಿದರು. ಬೈಗುಳ ಇರಲಿ, ಶ್ರಾವಣ ಬಂತೆಂದರೆ ಇವಳು ಎಮ್ಮೆಗೆ ಜೋಕಾಲಿಯ ಕಥೆ ಹೇಳುತ್ತಾಳೆ, ಅವ್ವಾ ಅವ್ವಾ ಅನ್ನುತ್ತಾಳೆ. ಎಲ್ಲ ತಿಳಿಯುತ್ತಿತ್ತು. ಆದರೆ ಕೇಳಲು ಯಾರೂ ಬಾಗಿಲಿಗೆ ಬರದೆ ಸೊಸೆಯನ್ನು ತಾನಾಗಿ ಎಲ್ಲಿಗೆ ಕಳಿಸುವುದು?

ಹಾಗಾದರೆ ಈ ಎಮ್ಮೆ, ಮಳೆ, ದಾರಿ ಎಲ್ಲ ಯಾಕೆ ತೆಗೆದಿರಿ ಎಂದು ಕೇಳಿದೆ. ಬೀಗತಿ ನನ್ನನ್ನು ನೋಡಿದ ರೀತಿ ನನಗೆ ಪರಿಚಿತವಾಗಿತ್ತು, ನಪಾಸಾದ ಹುಡುಗಿಯನ್ನು ನೋಡುವುದು. ಕೇಳಿದ ಕೂಡಲೇ ಹೂಂ ಅಂದರೆ, ಸೊಸೆ ಬೇಡವಾಗಿದ್ದಾಳೆಂದು ತವರಿನವರು ತಿಳಿಯುವುದಿಲ್ಲವೇ?

ಹೊರಡುವ ಬೆಳಿಗ್ಗೆ ನಮ್ಮಲ್ಲಿ ಬೀಗರಿಗೆ ಉಡುಗೊರೆ ಕೊಟ್ಟು ಆಯೇರಿ ಮಾಡುವಂತೆ ನಮ್ಮವರ ತಲೆಗೆ ಪಾಲ್ಪಾದ ಬಣ್ಣಬಣ್ಣದ ಟೊಪ್ಪಿಗೆ ಇಟ್ಟರು. ಬೀಗತಿ ಗಾಡಿಯ ಕಿಟಕಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಬಿಡುವಾಗ ಸೊಸೆಗೆ ತನ್ನ ಕೊಟ್ಟಿಗೆಯ ಕನ್ನಡದಲ್ಲೇ “ಲಗೂ ಬಾರಬೇ” ಅಂದರು.

ವಿಜಯಪುರಕ್ಕೆ ಮರಳಿ

ಬರುವ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತ ಅಣ್ಣ ತಂಗಿಯ ಜಗಳ ಕೇಳುವುದೇ ಮನರಂಜನೆ. ನಮ್ಮವರನ್ನು ಹಿಂದಕ್ಕೆ ಕಳಿಸಿ ಗಾಡಿ ನಾನು ಓಡಿಸಿದೆ. ಎಮ್ಮೆಗಳೂ ಸರಿದು ಹೋದವು, ನಾಗಪುರವೂ ಬೇಗ ಬಂತು. ಸಂಜೆಯಾದರೆ ದೀಪಕನ ಫೋನು. ಎಮ್ಮೆ ಹಾಲು ಇಳಿಸುತ್ತಿಲ್ಲ. ಅವನು ಫೋನನ್ನು ಎಮ್ಮೆಯ ಕಿವಿಗೆ ಹಿಡಿಯುತ್ತಿದ್ದ, ಇವಳು ಢಾಬಾದ ಮುಂದೆ ನಿಂತು “ಸುಮ್ನ ನಿಂದರಬೇ ನನ ಕಂದಾ” ಎಂದು ರಮಿಸುತ್ತಿದ್ದಳು. ಲಾರಿ ಚಾಲಕರು ಯಾವುದೋ ಮಗುವೆಂದು ತಿಳಿದು ಕನಿಕರಪಟ್ಟರು.

ಸೋಲಾಪುರ ದಾಟಿದ ಮೇಲೆ ಅತ್ತೆ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಹೊರಗೆ ನೋಡುತ್ತ ಅಂದರು: “ಹಬ್ಬದ ದಿನ ನೀ ಬಬಲೇಶ್ವರಕ್ಕ ಹೋಗು. ನಾಕ ದಿನ ಇದ್ದ ಬಾ.” ಸ್ವಲ್ಪ ತಡೆದು, “ಐದ ಬ್ಯಾಡ” ಅಂದರು.

ರೊಟ್ಟಿ ಹಬ್ಬದ ಹಿಂದಿನ ಸಂಜೆ ಮನೆ ಮುಟ್ಟಿದೆವು. ಪಂಚಮಿಗೆ ಮೊದಲು ಬರುವ ಈ ದಿನ ರೊಟ್ಟಿ, ಪಲ್ಯ, ಚಟ್ನಿಯ ತಾಟು ಮಾಡಿ ಮನೆಮನೆಗೆ ಬೀರುವುದು ನಮ್ಮ ವಾಡಿಕೆ. ಬೆಳಿಗ್ಗೆ ಮಾಯಾ ಎದ್ದು ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಕೈ ಮರೆತಿರಲಿಲ್ಲ. ಇಳಕಲ್ ಸೀರೆ ಉಟ್ಟು, ತಾಟುಗಳನ್ನು ಬುಟ್ಟಿಯಲ್ಲಿಟ್ಟು, ಇಬ್ರಾಹಿಂಪುರದ ಹಳೆಯ ಓಣಿಗೆ ನನ್ನ ಜೊತೆ ಹೊರಟಳು.

ಹಳಿ ದಾಟುವಾಗ ಅವಳ ನಡಿಗೆ ಸಾವಕಾಶವಾಯಿತು. “ವೈನಿ, ಗುರುತ ಹಿಡೀತಾರೋ ಇಲ್ಲೋ. ಸಣ್ಣಾಕಿದ್ದಾಗೂ ಹೊಸಾ ಮಂದಿ ಕಂಡ್ರ ಸಾಕು, ನೀ ಯಾವ ಊರಾಕಿ ಅಂತ ಕೇಳಾವ್ರು. ಪಾಲ್ಪಾಕ್ಕ ಹೋದ್ರ, ನಿನ್ನ ಮಾತ ಹಿಂಗ್ಯಾಕ, ನೀ ಯಾವ ಊರಾಕಿ ಅಂತಾರ.” ನಗಲು ನೋಡಿದಳು. ನಾನು ಬುಟ್ಟಿಯ ಇನ್ನೊಂದು ಬದಿ ಹಿಡಿದುಕೊಂಡೆ.

ಮೊದಲ ಮನೆ ಗುರಬಾಯಿಯವರದು. ಮುದುಕಿ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ಒಮ್ಮೆ ನೋಡಿ, ದೊಡ್ಡ ಸುದ್ದಿಯೇನಲ್ಲವೆಂಬಂತೆ ಮತ್ತೆ ಸುಲಿಯುತ್ತ ಕೇಳಿದರು, ಪಂಚಮಿಗೆ ಬಂದ ಪ್ರತಿಯೊಬ್ಬ ಮಗಳನ್ನು ಕೇಳುವಂತೆ:

“ಯಾವಾಗ ಬಂದಿ ಮಾಯವ್ವಾ?”

ಮಾಯಾ ತಾಟನ್ನು ಕಟ್ಟೆಯ ಮೇಲಿಟ್ಟಳು. ಸೆರಗು ಸರಿಮಾಡಿಕೊಂಡಳು. ಆಚೆ ಮನೆಯವರಿಗೂ, ಅದರಾಚೆಯ ಮನೆಯವರಿಗೂ ಕೇಳಿಸುವ ಹಾಗೆ ದೊಡ್ಡ ದನಿಯಲ್ಲಿ ಹೇಳಿದಳು:

“ನಿನ್ನಿ ಬಂದೇನ್ರಿ. ಅಣ್ಣ ಬಂದಿದ್ದ ಕರಿಯಾಕ.”

ಮುಂದಿನ ಮನೆಗಳಲ್ಲಿ ಯಾರಾದರೂ ಕೇಳುವತನಕವೂ ಅವಳು ಕಾಯಲಿಲ್ಲ. ತಾಟು ಇಡುವ ಮೊದಲೇ ಹೇಳುತ್ತ ಹೋದಳು. “ಅಣ್ಣ ಬಂದಿದ್ದ್ರಿ ಕರಿಯಾಕ.”